ಇನ್ನೊಮ್ಮೆ ಓಡಿಸಿ ನೋಡಿ

ನಿನ್ನೆ ಸಂಜೆ ಮನೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಡೆವಲಪರ್ ಒಬ್ಬರು ಒಂದು ಬಟನ್ನಿನ ಹೆಸರು ಬದಲಿಸಿದರು. 'ಸೇವ್' ಅಂತ ಇದ್ದದ್ದು 'ಸಬ್ಮಿಟ್' ಆಯ್ತು. ಅಷ್ಟೇ. ಬಟನ್ ಇದ್ದಲ್ಲೇ ಉಂಟು, ಬಣ್ಣ ಅದೇ, ಒತ್ತಿದರೆ ಕೆಲಸವೂ ಆಗುತ್ತದೆ. ಕಣ್ಣಿರುವ ಯಾರಿಗಾದರೂ ಕಾಣುತ್ತದೆ. ಸಾಫ್ಟ್‌ವೇರನ್ನು ತನ್ನಷ್ಟಕ್ಕೆ ಟೆಸ್ಟ್ ಮಾಡುವ ನಮ್ಮ ಆಟೊಮೇಷನ್ ಸ್ಕ್ರಿಪ್ಟಿಗೆ ಮಾತ್ರ ಕಾಣಲಿಲ್ಲ, ಯಾಕಂದ್ರೆ ಅದಕ್ಕೆ 'ಸೇವ್' ಅಂತ ಬರೆದದ್ದನ್ನು ಹುಡುಕು ಅಂತ ಹೇಳಿಕೊಟ್ಟದ್ದು, ಅದು ಪಾಪ ಅದನ್ನೇ ಹುಡುಕಿ ಹುಡುಕಿ ಸೋತು ಒಂದರ ಹಿಂದೆ ಒಂದು ಟೆಸ್ಟನ್ನು ಕೆಂಪು, ಅಂದರೆ ಫೇಲ್, ಮಾಡುತ್ತಾ ಹೋಯಿತು. ಹೊರಗೆ ಆಟಿಯ ಮಳೆ. ಸುರತ್ಕಲ್ ಕಡೆಗೆ ಸೀಟು ಸಿಗುವ ಬಸ್ಸು ಹೋಗಿಯಾಯ್ತು. ನಾನು ಮಂಗಳೂರಿನ ಬಿಜೈಯ ಆಫೀಸಿನಲ್ಲಿ ಕೂತು ಕಳೆದುಹೋಗದ ಬಟನ್ ಹುಡುಕುತ್ತಾ ಇದ್ದೆ.

ತಮಾಷೆ ಎಂದರೆ, ಈ ಆಟೊಮೇಷನ್ ಬಂದದ್ದೇ ನಾವು ಬೇಗ ಮನೆಗೆ ಹೋಗಲಿಕ್ಕೆ.

ನಮ್ಮದು ಸಹಕಾರಿ ಸಂಘಗಳ ಲೆಕ್ಕಪತ್ರದ ಸಾಫ್ಟ್‌ವೇರ್. ಠೇವಣಿ, ಸಾಲ, ಬಡ್ಡಿ, ಚೆಕ್ಕು. ಒಂದು ಕಡೆ ಮುಟ್ಟಿದರೆ ಇನ್ನೆಲ್ಲೋ ಕೆಡುತ್ತದೆ, ಹಾಗಾಗಿ ಪ್ರತಿ ರಿಲೀಸಿಗೂ, ಅಂದರೆ ಹೊಸ ಆವೃತ್ತಿ ಬಿಡುವಾಗಲೆಲ್ಲ, ಹಳೆಯದನ್ನೆಲ್ಲ ಮತ್ತೆ ಟೆಸ್ಟ್ ಮಾಡಬೇಕು. ಎಕ್ಸೆಲ್ ಶೀಟು ಇಟ್ಟುಕೊಂಡು ಕೈಯಲ್ಲೇ ಮಾಡುತ್ತಿದ್ದೆವು. ಬೆಂಗಳೂರಿಗೆ ಹೋಗಿ ಬಂದ ಮ್ಯಾನೇಜರ್ ಒಂದು ದಿನ, 'ರಾತ್ರಿ ಕಂಪ್ಯೂಟರೇ ಟೆಸ್ಟ್ ಮಾಡ್ತದೆ ಮಾರಾಯ್ರೆ, ಬೆಳಿಗ್ಗೆ ಬಂದು ಹಸಿರು ನೋಡಿದ್ರೆ ಆಯ್ತು' ಎಂದರು. ಟ್ರೇನಿಂಗ್ ಕೊಡಿಸಿದರು. ಸೆಲೆನಿಯಂ ಅಂತ ಟೂಲು. 2004ರಲ್ಲಿ ಷಿಕಾಗೋದ ಥಾಟ್‌ವರ್ಕ್ಸ್ ಕಂಪನಿಯಲ್ಲಿ ಜೇಸನ್ ಹಗಿನ್ಸ್ ಎಂಬವರು ಕೈಯಲ್ಲಿ ಅದನ್ನೇ ಅದನ್ನೇ ಟೆಸ್ಟ್ ಮಾಡುವುದು ಸಾಕಾಗಿ ಶುರು ಮಾಡಿದ್ದು ಎಂದಾಗ ಯಾರೋ ನಮ್ಮ ಪೈಕಿಯವರೇ ಅನ್ನಿಸಿ ಖುಷಿಯಾಯ್ತು. ಪ್ಯಾಂಟ್ರಿ ಬಾಗಿಲ ಪಕ್ಕ ದೊಡ್ಡ ಟಿವಿಯೂ ಬಂತು, ಹಸಿರು ನೋಡಲಿಕ್ಕೆ.

ಆ ಟಿವಿಯಿಂದಲೇ ಎಲ್ಲ ಶುರುವಾದದ್ದು. ಮ್ಯಾನೇಜರ್ ಬೆಳಿಗ್ಗೆ ಬಂದವರು ನೀರು ಸುರಿಯುವ ಕೊಡೆಯನ್ನೂ ಮಡಚದೆ ನೇರ ಅದರ ಎದುರು ನಿಲ್ಲುತ್ತಾರೆ. ಕೆಂಪು ಕಂಡರೆ ಯಾವ ಸ್ಕ್ರೀನು, ಯಾವ ಟೆಸ್ಟು, ಎಂತ ತೊಂದರೆ, ಒಂದೂ ಕೇಳುವುದಿಲ್ಲ. 'ಇನ್ನೊಮ್ಮೆ ಓಡಿಸಿ ನೋಡಿ.' ಓಡಿಸುತ್ತೇವೆ. ಪುನಃ ಕೆಂಪು. 'ನೆಟ್ ಸ್ಲೋ ಉಂಟಾ ಅಂತ. ಇನ್ನೊಮ್ಮೆ.' ಅಷ್ಟರಲ್ಲಿ ಕೊಡೆಯ ಕೆಳಗೆ ಸಣ್ಣ ಕೆರೆ ಆಗಿರುತ್ತದೆ, ಚಾ ಬಂದಿರುತ್ತದೆ. ಮತ್ತೊಂದು ಸಲಕ್ಕೆ ಯಾವ ಪುಣ್ಯಕ್ಕೋ ಹಸಿರಾಗುತ್ತದೆ. 'ನೋಡಿ, ಏನೂ ಇರ್ಲಿಲ್ಲ!' ಎಂದು ನಮ್ಮ ಕಡೆ ತಿರುಗುತ್ತಾರೆ, ಗೆದ್ದವರ ಮುಖ. ಮಗುವಿಗೆ ಜ್ವರ ಕಡಿಮೆ ತೋರಿಸುವವರೆಗೆ ಥರ್ಮಾಮೀಟರ್ ಇಟ್ಟ ಹಾಗೆ. ಹಾಗಾದ್ರೆ ಮೊದಲು ಯಾಕೆ ಕೆಂಪಾಗಿತ್ತು? ಆ ಪ್ರಶ್ನೆ ಕೊಡೆಯ ನೀರಿನ ಜೊತೆ ಒರೆಸಿಹೋಗುತ್ತದೆ.

ಸಿಟ್ಟು ಬರುವುದು ಯಾಕಂದ್ರೆ, ಅರ್ಧ ಸಲ ಅವರು ಹೇಳಿದ್ದೇ ಸರಿ ಇರುತ್ತದೆ. ಮಳೆಗಾಲದಲ್ಲಿ ಮೆಸ್ಕಾಂ ಕರೆಂಟು ಹೋಗಿ ಜನರೇಟರ್ ಶುರುವಾಗುವಷ್ಟರಲ್ಲಿ ರೂಟರ್ ಒಮ್ಮೆ ಸತ್ತು ಹುಟ್ಟುತ್ತದೆ, ಆ ಹೊತ್ತಿಗೆ ಓಡುತ್ತಿದ್ದ ಟೆಸ್ಟುಗಳೆಲ್ಲ ಸುಮ್ನೆ ಕೆಂಪು. ಒಮ್ಮೆ ಧೈರ್ಯ ಮಾಡಿ ಹೇಳಿದೆ: 'ಸರ್, ಒಮ್ಮೆ ಕೆಂಪು ಒಮ್ಮೆ ಹಸಿರು ಆಗುವುದಕ್ಕೆ ಫ್ಲೇಕಿ ಟೆಸ್ಟ್ ಅಂತಾರೆ. ಕಾರಣ ಹುಡುಕಬೇಕು, ಇಲ್ಲದಿದ್ರೆ ನಿಜವಾದ ತಪ್ಪೂ ಇದರೊಳಗೆ ಅಡಗಿ ಕೂರ್ತದೆ.' ತುಂಬಾ ಗಂಭೀರವಾಗಿ ಕೇಳಿದರು. ಡೈರಿಯಲ್ಲಿ ಬರೆದುಕೊಂಡರು. ಆಮೇಲೆ, 'ಹಾಗಾದ್ರೆ ಫೇಲ್ ಆದದ್ದು ತನ್ನಷ್ಟಕ್ಕೆ ಮೂರು ಸಲ ಓಡುವ ಹಾಗೆ ಸೆಟ್ ಮಾಡಿ' ಎಂದರು. ಮಾಡಿದೆವು. ನಮ್ಮ ಆಫೀಸಿನಲ್ಲಿ ಒಂದು ಕುಂದೂ ಇಲ್ಲದೆ ಆಟೊಮೇಟ್ ಆದದ್ದು ಅದೊಂದೇ, ಸಾಹೇಬರ ಬಾಯಿಮಾತು.

ನಿನ್ನೆ ಬಸ್ಸು ತಪ್ಪಿದ್ದೂ ಅದರಿಂದಲೇ. ಇಲ್ಲದ 'ಸೇವ್' ಬಟನ್ನಿಗೆ ಪ್ರತಿ ಟೆಸ್ಟೂ ಅರ್ಧ ನಿಮಿಷ ಕಾಯಬೇಕು, ಹಾಗೆ ಮೂರು ಸಲ. ಅದರ ಮೇಲೆ ಹುಡುಗರು ಹಸಿರಿನ ಆಸೆಗೆ ಅಲ್ಲಲ್ಲಿ 'ಐದು ಸೆಕೆಂಡ್ ಸುಮ್ಮನಿರು' ಅಂತ ಸ್ಲೀಪ್ ಬೇರೆ ಹಾಕಿದ್ದಾರೆ, ಐದು ಸಾಲದಿದ್ದಲ್ಲಿ ಹತ್ತು. ಬೇಕಾದ್ದು ಕಾಣುವವರೆಗೆ ಮಾತ್ರ ಕಾಯುವ ಹಾಗೆ ಬರೆಯಬಹುದು, ಟ್ರೇನಿಂಗಿನಲ್ಲಿ ಹೇಳಿಕೊಟ್ಟಿದ್ದರು ಕೂಡ. ಯಾರಿಗೆ ಪುರುಸೊತ್ತು? ಈಗ ಸ್ಕ್ರಿಪ್ಟು ಟೆಸ್ಟ್ ಮಾಡುವುದಕ್ಕಿಂತ ನಿದ್ದೆ ಮಾಡುವುದೇ ಜಾಸ್ತಿ.

ಇದೆಲ್ಲದರ ನಡುವೆ ನಮ್ಮ ಅಕ್ಕನನ್ನು ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ. ಹಿರಿಯ ಟೆಸ್ಟರ್, ಎಲ್ಲರಿಗೂ ಅಕ್ಕ. ಸಂಘದ ಕೌಂಟರಿನಲ್ಲಿ ಕೂರುವ ಗುಮಾಸ್ತೆಯ ಹಾಗೆ ಬಟನ್ನನ್ನು ಎರಡೆರಡು ಸಲ ಒತ್ತುತ್ತಿದ್ದರು. ಹಾಗೆ ಒತ್ತಿಯೇ ಒಂದು ಸಲ ಬಡ್ಡಿ ಎರಡು ಸಲ ಜಮೆಯಾಗುವುದನ್ನು ಹಿಡಿದರು. ಫೆಬ್ರವರಿ 29ಕ್ಕೆ ಠೇವಣಿ ಇಡುವುದು, ಸಾಲ ಮಂಜೂರಾಗುವಾಗ ಹಿಂದಿನ ಸ್ಕ್ರೀನಿಗೆ ಹೋಗುವುದು, ಇನಿಷಿಯಲ್ ಮಾತ್ರ ಬರೆದು ಹೆಸರು ಬಿಡುವುದು, ಇಂಥ ಕಿತಾಪತಿ ಶೀಟಿನಲ್ಲಿ ಎಲ್ಲೂ ಇರಲಿಲ್ಲ, ಅವರ ಬೆರಳಿನಲ್ಲಿತ್ತು. ಈಗ ಅವರ ಕೆಲಸ ರಾತ್ರಿಯ ರಿಪೋರ್ಟನ್ನು ಮೇಲ್ ಮಾಡುವುದು. ಊಟ ಆದ ಮೇಲೆ ಯಾರೂ ನೋಡದಾಗ ಒಂದು ಸ್ಕ್ರೀನ್ ತೆರೆದು ಎರಡೆರಡು ಸಲ ಒತ್ತುತ್ತಿರುತ್ತಾರೆ.

ಬ್ಯಾಂಕಿನ ಪಟ್ಟಿಯನ್ನು ಕಂಡುಹಿಡಿದದ್ದೂ ಅವರೇ. ಚೆಕ್ಕು ಜಮೆ ಮಾಡುವ ಸ್ಕ್ರೀನಿನಲ್ಲಿ ವಿಜಯಾ ಬ್ಯಾಂಕ್, ಸಿಂಡಿಕೇಟ್, ಕಾರ್ಪೊರೇಷನ್ ಮೂರೂ ಇನ್ನೂ ಇದ್ದವು. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ 2019ರ ಏಪ್ರಿಲ್ ಒಂದಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಉಡುಪಿಯ ಎರಡು ಮರುವರ್ಷ ಅದೇ ತಾರೀಕಿಗೆ, ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ಅಕ್ಕನ ಅಪ್ಪ ವಿಜಯಾದಲ್ಲೇ ರಿಟೈರ್ ಆದವರು, ಆ ಬೋರ್ಡು ಇಳಿಸಿದ ದಿನ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲವಂತೆ. ಆದರೂ, 'ಇಲ್ಲದ ಬ್ಯಾಂಕು ಪಟ್ಟಿಯಲ್ಲಿ ಎಂತಕ್ಕೆ?' ಎಂದು ಅವರೇ ಹೇಳಿ ತೆಗೆಸಿದರು. ಮರುದಿನ ಟಿವಿ ತುಂಬಾ ಕೆಂಪು. ಹಳೆಯ ಶೀಟಿನಿಂದ ಎತ್ತಿದ ಸ್ಕ್ರಿಪ್ಟು ರಾತ್ರಿ ರಾತ್ರಿ ವಿಜಯಾ ಬ್ಯಾಂಕಿನ ಚೆಕ್ಕನ್ನೇ ಜಮೆ ಮಾಡುತ್ತಿತ್ತು! ಸ್ಕ್ರಿಪ್ಟು ಸರಿ ಮಾಡಲು ಒಂದು ದಿನ ಬೇಕು ಎಂದೆವು. ಮ್ಯಾನೇಜರ್ ಟಿವಿ ನೋಡಿದರು, ರಿಲೀಸಿನ ತಾರೀಕು ನೋಡಿದರು, ಬ್ಯಾಂಕುಗಳನ್ನು ವಾಪಸು ಹಾಕಿಸಿದರು. ಹಸಿರಾಯ್ತು.

ಇವತ್ತು ಬೆಳಿಗ್ಗೆ ಒಂದು ಸಂಘದಿಂದ ಮ್ಯಾನೇಜರಿಗೇ ಫೋನು. ಸ್ಪೀಕರಿನಲ್ಲಿ ನಮಗೂ ಕೇಳಿಸಿತು. 'ನಿಮ್ಮ ಪಟ್ಟಿಯಲ್ಲಿ ವಿಜಯಾ ಬ್ಯಾಂಕ್ ಇನ್ನೂ ತೋರಿಸ್ತಾ ಉಂಟಲ್ಲ ಸರ್?'

'ಹೌದಾ?' ಎಂದರು ನಮ್ಮವರು. 'ಪೇಜನ್ನು ಇನ್ನೊಮ್ಮೆ ತೆರೆದು ನೋಡಿ.'