ಅಟ್ಟದ ಮೇಲಿನ ಆಂಪ್ ಕೆಳಗಿಳಿಸಿ

ಮನೆಯಲ್ಲೇ ವಾಲ್ವ್ ಗಿಟಾರ್ ಆಂಪ್ (ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವ್‌ನಿಂದ ಗಿಟಾರ್ ಸದ್ದು ಹೆಚ್ಚಿಸುವ ಪೆಟ್ಟಿಗೆ) ಕಟ್ಟಲು ಕೂತು ಅರ್ಧಕ್ಕೇ ಕೈಬಿಟ್ಟವರಿಗೆ ಹೇಳುತ್ತಿದ್ದೇನೆ. ಹೊಸದಕ್ಕೆ ಸಾಮಾನು ತರಿಸಬೇಡಿ. ಆ ಹಳೆಯದನ್ನೇ ಮುಗಿಸಿ.

ನನ್ನದು ಆರು ವರ್ಷ ಅಟ್ಟದ ಮೇಲಿತ್ತು. ಗಿಟಾರ್‌ನ ಸಣ್ಣ ಸಿಗ್ನಲ್ ಹಿಗ್ಗಿಸಲು ಒಂದು ಇಸಿಸಿ83 ವಾಲ್ವ್, ಸ್ಪೀಕರ್ ನಡೆಸಲು ಒಂದು ಇಎಲ್84 ವಾಲ್ವ್, ಸುಮಾರು 5 ವ್ಯಾಟ್‌ನ ಪುಟ್ಟ ಆಂಪ್. ವಾಲ್ವ್ ಎರಡೂ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕಂಪನಿಯವು. 1961ರಲ್ಲಿ ಬೆಂಗಳೂರಿನಲ್ಲಿ ವಾಲ್ವ್ ತಯಾರಿಕೆ ಶುರು ಮಾಡಿದ ಅದೇ ಬಿಇಎಲ್. ಇಲ್ಲೇ ಬಳ್ಳಾರಿಯಲ್ಲಿ ಹಿಂದೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ ಹಿರಿಯರೊಬ್ಬರು ಹಳೇ ಪೇಪರ್‌ನಲ್ಲಿ ಸುತ್ತಿಟ್ಟಿದ್ದನ್ನು ನನ್ನ ಕೈಗಿಟ್ಟಿದ್ದರು. ವಾಲ್ವ್‌ಗೂ ಸ್ಪೀಕರ್‌ಗೂ ನಡುವಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುತ್ತಿಕೊಟ್ಟಿದ್ದು ಕೌಲ್ ಬಜಾರ್ ಕಡೆಯ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿಯವರು. ಇಷ್ಟು ಜನರ ಕೈ ತಾಗಿದ ವಸ್ತು ಧೂಳು ತಿನ್ನುತ್ತಿದೆಯಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು.

ಇಂಥವು ನಿಂತುಹೋಗುವುದು ದುಡ್ಡಿಲ್ಲದೆ ಅಲ್ಲ. ಸಾಮಾನೆಲ್ಲ ಬಂದಿರುತ್ತದೆ, ಬೆಸುಗೆಯೂ ಮುಗಿದಿರುತ್ತದೆ. ಮೊದಲ ಸಲ ಸ್ವಿಚ್ ಹಾಕಿದಾಗ ಏನೋ ಎಡವಟ್ಟಾಗುತ್ತದೆ, ಎಲ್ಲಿ ಕೈ ಹಾಕಬೇಕೆಂದು ತಿಳಿಯುವುದಿಲ್ಲ. ಒಳಗೆ 300 ವೋಲ್ಟ್ ಇದೆ ಅನ್ನೋ ಹೆದರಿಕೆ ಬೇರೆ.

ಆ ಹೆದರಿಕೆ ಇರಲೇಬೇಕು. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು. ರೆಸಿಸ್ಟರ್ ಮೂಲಕ ಅದನ್ನು ಇಳಿಸಿ, ಮೀಟರ್‌ನಲ್ಲಿ ಸೊನ್ನೆ ಕಂಡ ಮೇಲಷ್ಟೇ ಕೈ ಹಾಕಿ. ವರ್ಷಗಟ್ಟಲೆ ಸುಮ್ಮನಿದ್ದ ಆಂಪನ್ನು ನೇರ 230 ವೋಲ್ಟ್‌ಗೆ ಕೊಡಲೇಬೇಡಿ. ಆಂಪ್‌ಗೆ ಹೋಗುವ ಕರೆಂಟ್ ಬಲ್ಬ್ ಮೂಲಕವೇ ಹೋಗುವ ಹಾಗೆ ಸೀರೀಸ್‌ನಲ್ಲಿ 60 ವ್ಯಾಟ್ ಬಲ್ಬ್ ಹಾಕಿ. ತಂತಿಯ ಹಳೇ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯಲ್ಲ. ಒಮ್ಮೆ ಬೆಳಗಿ ಮಂಕಾದರೆ ಮುಂದುವರಿಯಬಹುದು. ಜೋರಾಗಿ ಬೆಳಗುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆ, ತಕ್ಷಣ ತೆಗೆದುಬಿಡಿ.

ನನ್ನ ಆಂಪ್ ಸ್ವಿಚ್ ಹಾಕಿದರೆ ಸಾಕು, ಕಿವಿ ಹರಿಯುವ ಹಾಗೆ ಕಿರುಚುತ್ತಿತ್ತು. ಆಗ ವಾಲ್ವ್ ಬದಲಿಸಿದೆ, ಕೆಪಾಸಿಟರ್ ಬದಲಿಸಿದೆ, ಕೊನೆಗೆ ಕೈಚೆಲ್ಲಿದೆ. ಈ ಸಲ ಏನನ್ನೂ ಬದಲಿಸಲಿಲ್ಲ. ಕಾಗದ ತೆಗೆದುಕೊಂಡು, ಚಾಸಿ ಅನ್ನೋ ಲೋಹದ ಡಬ್ಬಿಯೊಳಗೆ ಯಾವ ತಂತಿ ಎಲ್ಲಿಗೆ ಹೋಗಿದೆಯೋ ಹಾಗೇ ಬರೆದೆ. ಪುಸ್ತಕದ ನಕ್ಷೆ ನೋಡಲೇ ಇಲ್ಲ. ಎರಡು ಸಂಜೆ ಹಿಡಿಯಿತು. ಆಮೇಲೆ ವೋಲ್ಟೇಜ್ ಅಳೆದೆ. ಇಎಲ್84ರ ಕ್ಯಾಥೋಡ್‌ನ 150 ಓಮ್ ರೆಸಿಸ್ಟರ್ ಮೇಲೆ 7.2 ವೋಲ್ಟ್, ಅಂದರೆ ವಾಲ್ವ್‌ನಲ್ಲಿ ಹರಿಯುತ್ತಿದ್ದ ಕರೆಂಟ್ 48 ಮಿಲಿ ಆಂಪಿಯರ್. ವಾಲ್ವ್ ಆರಾಮಾಗಿತ್ತು. ಹಾಗಾದರೆ ಕಿರುಚಾಟ ಎಲ್ಲಿಂದ?

ಸ್ಪೀಕರ್ ಕಡೆಯಿಂದ ಇಸಿಸಿ83ಕ್ಕೆ ವಾಪಸ್ ಬರುವ ಫೀಡ್‌ಬ್ಯಾಕ್ ತಂತಿಯನ್ನು ಬಿಚ್ಚಿದೆ. ಕಿರುಚಾಟ ನಿಂತಿತು! ಟ್ರಾನ್ಸ್‌ಫಾರ್ಮರ್ ಸುತ್ತಿದವರದೇನೂ ತಪ್ಪಿರಲಿಲ್ಲ, ಅದರ ಸ್ಪೀಕರ್ ಕಡೆಯ ಸುತ್ತಿನ (ಸೆಕೆಂಡರಿ) ಎರಡು ತಂತಿ ನಾನೇ ಅದಲುಬದಲು ಕೊಟ್ಟಿದ್ದೆ. ಸದ್ದನ್ನು ಹಿಡಿದಿಡಬೇಕಾದ ಫೀಡ್‌ಬ್ಯಾಕ್ ಅದನ್ನು ಹೆಚ್ಚಿಸುತ್ತಿತ್ತು. ಎರಡು ಬೆಸುಗೆ, ಹತ್ತು ನಿಮಿಷ. ಆರು ವರ್ಷ ನಿಂತಿದ್ದು ಇಷ್ಟಕ್ಕೆ.

ಮುಗಿಸುವಾಗ ರಿವರ್ಬ್ (ಮಾರ್ದನಿ) ಇರಲಿ, ಇನ್ನೊಂದು ಟೋನ್ ನಾಬ್ ಇರಲಿ ಅನ್ನಿಸುತ್ತದೆ. ಬೇಡ. ಆ ಆಸೆಯಿಂದಲೇ ಎಷ್ಟೋ ಆಂಪ್ ಮತ್ತೆ ಅಟ್ಟ ಸೇರಿವೆ. ಮೊದಲು ಯೋಚಿಸಿದ್ದು ಎಷ್ಟೋ ಅಷ್ಟು ನುಡಿಯಲಿ.

ಮೈಕ್‌ಸೆಟ್‌ನ ಹಿರಿಯರನ್ನು ಮನೆಗೆ ಕರೆದಿದ್ದೆ. ಗಿಟಾರ್ ಕೇಳುವ ಮೊದಲು ಬಗ್ಗಿ ವಾಲ್ವ್‌ನೊಳಗಿನ ಕೆಂಪು ಬೆಳಕು ನೋಡಿದರು, ಮೇಲೆ ಅಂಗೈ ಹಿಡಿದು ಕಾವು ನೋಡಿದರು. "ಇನ್ನೂ ನಾಲ್ಕು ಅದಾವ, ಒಯ್ತೀಯೇನು?" ಅಂದರು.

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಯಾರದಾದರೂ ಇಂಥದ್ದು ನಿಂತಿದ್ದರೆ ತನ್ನಿ. ಭಾನುವಾರ ನನ್ನ ಮೇಜು ಖಾಲಿ ಇರುತ್ತದೆ, 60 ವ್ಯಾಟ್ ಬಲ್ಬೂ ಇದೆ.