ಮಂಗಳ ಹಾಡಿ 25 ವರ್ಷವಾಯಿತು, ಆಟ ಮುಗಿದಿಲ್ಲ

ನನ್ನ ಮೇಜಿನ ಡ್ರಾಯರ್‌ನಲ್ಲಿ ನ್ಯೂಯಾರ್ಕ್ ಸಬ್‌ವೇಯ ಐದು ಮೆಟ್ರೊಕಾರ್ಡ್ ಇವೆ. ಐದರಲ್ಲಿ ಒಂದನ್ನೂ ಬಳಸಿಲ್ಲ. ಬಳಸಲಿಕ್ಕೆ ಅಂತ ತೆಗೆದದ್ದೂ ಅಲ್ಲ. ಕಾರ್ಡಿನ ಮೇಲೆ ಅಮೆರಿಕದ ರಾಕ್ ಬ್ಯಾಂಡ್ ಕಿಸ್‌ನವರ ಚಿತ್ರ ಇತ್ತು, ಅದಕ್ಕೆ ತೆಗೆದೆ.

2023ರ ನವೆಂಬರ್ ಕೊನೆಯ ಮಾತು. ಮಗನ ಮನೆಗೆಂದು ನ್ಯೂಜೆರ್ಸಿಗೆ ಹೋಗಿದ್ದೆವು. ಡಿಸೆಂಬರ್ 1 ಮತ್ತು 2ರಂದು ನ್ಯೂಯಾರ್ಕಿನ ದೊಡ್ಡ ಒಳಾಂಗಣ ಮೈದಾನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕಿಸ್‌ನವರ ಕಟ್ಟಕಡೆಯ ಎರಡು ಕಾರ್ಯಕ್ರಮ. ಇಡೀ ಊರಿಗೇ ಬಣ್ಣ ಬಳಿದಿದ್ದರು. ಟ್ಯಾಕ್ಸಿ ಮೇಲೆ ಕಿಸ್, ಪಿಜ್ಜಾ ಡಬ್ಬಿ ಮೇಲೆ ಕಿಸ್, ಎಂಪೈರ್ ಸ್ಟೇಟ್ ಬಿಲ್ಡಿಂಗಿಗೂ ಅವರದೇ ದೀಪ. ಮೆಟ್ರೊಕಾರ್ಡ್ ಬೇರೆ 50,000 ಛಾಪಿಸಿದ್ದರು. ನಾನು ಮೆಷಿನ್ ಮುಂದೆ ನಿಂತು ಒಂದರ ಹಿಂದೆ ಒಂದು ಕಾರ್ಡ್ ತೆಗೆಯುತ್ತಿದ್ದರೆ ಹೆಂಡತಿ ಕೇಳಿದಳು, "ಎಂಥದು ಮಾರಾಯ್ರೆ, ಇಡೀ ಮೇಳಕ್ಕೆ ಟಿಕೆಟ್ ತೆಗೀತಿದ್ದೀರಾ?"

ನಮ್ಮ ಕಡೆ ಯಕ್ಷಗಾನದ ತಂಡಕ್ಕೆ ಮೇಳ ಅನ್ನುತ್ತಾರೆ. ಅವಳು ಮೇಳ ಅಂದದ್ದು ಸುಮ್ನೆ ಅಲ್ಲ. 1979ರಲ್ಲಿ ಬಹರೈನ್‌ನಿಂದ ಬಂದ ಸೋದರಮಾವ ನನಗೊಂದು ಕ್ಯಾಸೆಟ್ಟೂ ಒಂದು ಕಪ್ಪು ಟೀ ಶರ್ಟೂ ತಂದಿದ್ದರು. ಕ್ಯಾಸೆಟ್ಟಿನ ಮೇಲೆ ನಾಲ್ಕು ಮುಖ. ಒಬ್ಬ ರಾಕ್ಷಸ, ಒಬ್ಬನ ಕಣ್ಣಿನ ಮೇಲೆ ನಕ್ಷತ್ರ, ಒಬ್ಬ ಅಂತರಿಕ್ಷದವ, ಇನ್ನೊಬ್ಬ ಬೆಕ್ಕು. ಉಡುಪಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಯಾವ ಮೇಳ? ಬಣ್ಣ ಸಮಾ ಕೂತಿದೆ" ಅಂದಿದ್ದರು. ಆ ರಾಕ್ಷಸ, ಅಂದರೆ ಜೀನ್ ಸಿಮನ್ಸ್, ಬೆಂಕಿ ಉಗುಳುತ್ತಾನೆ, ಬಾಯಿಂದ ರಕ್ತ ಸುರಿಸುತ್ತಾನೆ, ಗೇಣುದ್ದ ನಾಲಗೆ ಚಾಚುತ್ತಾನೆ ಎಂದು ಮಾವ ವಿವರಿಸಿದರು. ರಾಳದ ಬೆಂಕಿಯ ನಡುವೆ ಮಹಿಷಾಸುರ ಅಬ್ಬರಿಸುತ್ತಾ ಬರುವುದನ್ನು ಚಾಪೆ ಮೇಲೆ ಕೂತು ನೋಡಿ ಬೆಳೆದವನು ನಾನು. ಅಮೆರಿಕದಲ್ಲೂ ನಮ್ಮ ಕಡೆಯವರು ಇದ್ದಾರಲ್ಲ ಅನಿಸಿತು.

ಟೀ ಶರ್ಟ್ ಮಾತ್ರ ಅಮ್ಮನಿಗೆ ತಲೆಬಿಸಿ ಆಯ್ತು. ಎದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದದ್ದರ ಅರ್ಥವನ್ನು ಪಕ್ಕದ ಮನೆಯ ಕಾಲೇಜು ಹುಡುಗಿ ಹೇಳಿಬಿಟ್ಟಿದ್ದಳು. ಆಮೇಲೆ ಅಮ್ಮ ಅದನ್ನು ಯಾವಾಗಲೂ ಒಳಮಗ್ಗುಲು ಹೊರಗೆ ಮಾಡಿಯೇ ಒಣಗಿಸಿದರು.

ಅಂದಿನಿಂದ ಭಕ್ತ. ಭಕ್ತ ಅಂದಮೇಲೆ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಇವರ ಹಾಡಿನಲ್ಲಿ ಸಂಗೀತ ಹುಡುಕುವುದು ಅಂದರೆ ಮದುವೆ ಮನೆ ಸಾರಿನಲ್ಲಿ ಬೇಳೆ ಹುಡುಕಿದ ಹಾಗೆ. ಇದೆ, ಆದರೆ ಅದಕ್ಕಾಗಿ ಯಾರೂ ಅಲ್ಲಿಗೆ ಹೋಗುವುದಿಲ್ಲ. 1975ರಲ್ಲಿ ಅವರನ್ನು ದೊಡ್ಡವರನ್ನಾಗಿ ಮಾಡಿದ 'ಅಲೈವ್!' ಆಲ್ಬಮ್ ನೇರ ಕಾರ್ಯಕ್ರಮದ ಧ್ವನಿಮುದ್ರಣ. ನೇರ ಅಂದರೆ, ಸ್ಟುಡಿಯೊಗೆ ತಂದು ತಪ್ಪಿದ್ದನ್ನೆಲ್ಲ ಮತ್ತೆ ನುಡಿಸಿ ಸರಿಮಾಡಿದಷ್ಟು ನೇರ. ಅವರೇ ಆಮೇಲೆ ಒಪ್ಪಿಕೊಂಡಿದ್ದಾರೆ. 'ಜೀವಂತ' ಎಂಬುದಕ್ಕೇ ಇಷ್ಟು ಧಾರಾಳ ಅರ್ಥ ಇಟ್ಟುಕೊಂಡವರು 'ಕೊನೆ' ಎಂಬುದಕ್ಕೆ ಎಂಥ ಅರ್ಥ ಇಟ್ಟುಕೊಂಡಿರಬಹುದು? ನನಗೆ ಆಗಲೇ ಹೊಳೆಯಬೇಕಿತ್ತು.

2000ನೇ ಇಸವಿಯಲ್ಲಿ ಅವರು ವಿದಾಯದ ಪ್ರವಾಸ ಹೊರಟರು. ಪ್ರವಾಸದ ಹೆಸರೇ 'ಫೇರ್‌ವೆಲ್'. ಸುದ್ದಿ ಓದಿದ ದಿನ ನಾನು ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ, ಕಾರಣದ ಜಾಗದಲ್ಲಿ 'ಹತ್ತಿರದವರು ತೀರಿಕೊಂಡರು' ಎಂದು ಬರೆದೆ. 2001ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯದಲ್ಲಿ ಆ ಪ್ರವಾಸ ಮುಗಿಯಿತು. ಮುಗಿಯುವ ಹೊತ್ತಿಗೆ ಬೆಕ್ಕು ಬದಲಾಗಿತ್ತು. ಪೀಟರ್ ಕ್ರಿಸ್ ನಡುವೆಯೇ ಬಿಟ್ಟು ಹೋಗಿದ್ದರು. ಅದೇ ಮೀಸೆ, ಅದೇ ಮೂಗು ಎರಿಕ್ ಸಿಂಗರ್ ಮುಖಕ್ಕೆ ಬಂದಿತ್ತು. ವಿದಾಯ ಹೇಳಲಿಕ್ಕೆ ಹೊಸಬರನ್ನು ನೇಮಿಸಿಕೊಂಡ ಬ್ಯಾಂಡ್ ಇದೊಂದೇ ಇರಬೇಕು. 2003ಕ್ಕೆ ಮತ್ತೆ ಅಮೆರಿಕದ ತುಂಬ ಪ್ರವಾಸ. ಶಾಲೆ ಹುಡುಗರು ರಜೆಗಾಗಿ ಅಜ್ಜಿಯನ್ನು ವರ್ಷಕ್ಕೆ ಎರಡು ಸಲ ಸಾಯಿಸುತ್ತಾರಲ್ವಾ, ನನ್ನ ರಜೆ ಚೀಟಿಯ ಕತೆಯೂ ಹಾಗೇ ಆಯಿತು. 2018ರಲ್ಲಿ ಎರಡನೇ ವಿದಾಯ ಪ್ರಕಟವಾಯಿತು. ಹೆಸರು 'ಎಂಡ್ ಆಫ್ ದಿ ರೋಡ್'. ದಾರಿಯ ಕೊನೆ 2019ರ ಜನವರಿಯಲ್ಲಿ ವ್ಯಾಂಕೂವರ್‌ನಲ್ಲಿ ಶುರುವಾಗಿ 2023ರ ಡಿಸೆಂಬರ್‌ವರೆಗೂ ಇತ್ತು. ನಡುವೆ ಕರೋನಾ ಬಂದದ್ದು ನಿಜ. ಆದರೂ ಕೊನೆಯೇ ಐದು ವರ್ಷ ಉದ್ದ ಇದ್ದರೆ ದಾರಿ ಎಷ್ಟಿರಬೇಡ.

ಇವರೊಬ್ಬರನ್ನೇ ಬೈದರೆ ಅನ್ಯಾಯ. ಈಗಲ್ಸ್ ಎಂಬ ರಾಕ್ ತಂಡದವರು 2000ದ ದಶಕದಲ್ಲಿ ಹೊರಟ ವಿದಾಯ ಪ್ರವಾಸಕ್ಕೆ 'ಫೇರ್‌ವೆಲ್ 1' ಅಂತಲೇ ಹೆಸರಿಟ್ಟರು. ಪ್ರಾಮಾಣಿಕರು, ಮೊದಲೇ ನಂಬರ್ ಹಾಕಿದರು. ಮಾಟ್ಲಿ ಕ್ರೂ ಎಂಬ ಇನ್ನೊಂದು ತಂಡ 2014ರಲ್ಲಿ ಇನ್ನು ಪ್ರವಾಸ ಮಾಡುವುದಿಲ್ಲ ಎಂದು ಕರಾರುಪತ್ರಕ್ಕೆ ಎಲ್ಲರ ಎದುರು ಸಹಿ ಹಾಕಿತು. 2015ರ ಡಿಸೆಂಬರ್ 31ಕ್ಕೆ ಕೊನೆಯ ಆಟವೂ ಆಯಿತು. 2019ರಲ್ಲಿ ಆ ಪತ್ರವನ್ನು ಸ್ಫೋಟಿಸುವ ವಿಡಿಯೊ ಮಾಡಿ ವಾಪಸ್ ಬಂದರು! ನಾನು 35 ವರ್ಷ ಬ್ಯಾಂಕಿನಲ್ಲಿ ಸಾಲದ ಕಾಗದ ನೋಡಿದವನು. ಕರಾರು ಮುರಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಅದಕ್ಕೆ ಬಾಂಬ್ ಇಟ್ಟು, ಅದನ್ನೇ ಜಾಹೀರಾತು ಮಾಡಿಕೊಂಡ ಸಾಲಗಾರ ಒಬ್ಬನೂ ಸಿಗಲಿಲ್ಲ.

ಆದರೆ ಮಾರಾಟದ ವಿಷಯದಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. 1977ರಲ್ಲಿ ಮಾರ್ವೆಲ್‌ನವರು ಇವರ ಕಾಮಿಕ್ಸ್ ತಂದಾಗ ನಾಲ್ವರೂ ತಮ್ಮ ರಕ್ತ ತೆಗೆಸಿ, ಕಾರ್ಖಾನೆಗೆ ಹೋಗಿ, ಛಾಪಿಸುವ ಕೆಂಪು ಶಾಯಿಗೆ ಸುರಿದರು. ರಕ್ತ ಅವರದೇ ಎಂದು ನೋಟರಿ ಸಹಿಯೂ ಆಯಿತು. ಅಲ್ಲಿಂದ ಮುಂದೆ ಗೊಂಬೆ, ಊಟದ ಡಬ್ಬಿ, ಕಾಫಿ ಅಂಗಡಿ, ಮಿನಿ ಗಾಲ್ಫ್ ಮೈದಾನ. ಕಾಂಡೋಮ್ ಬಂತು. 2001ರಲ್ಲಿ ಶವಪೆಟ್ಟಿಗೆಯೂ ಬಂತು, ಹೆಸರು 'ಕಿಸ್ ಕಾಸ್ಕೆಟ್', ಬೆಲೆ ಮೂರು ಸಾವಿರ ಡಾಲರಿಗೂ ಜಾಸ್ತಿ. ನಮ್ಮ ಷೋಡಶ ಸಂಸ್ಕಾರಗಳನ್ನು ಗರ್ಭಾಧಾನದಿಂದ ಅಂತ್ಯೇಷ್ಟಿವರೆಗೆ ಒಂದೇ ಅಂಗಡಿಯಲ್ಲಿ ಇಟ್ಟ ಹಾಗೆ. ಮೊದಲನೆಯದನ್ನು ಮಾತ್ರ ತಡೆಯುವ ಸಾಮಾನು ಇಟ್ಟಿದ್ದರು.

ಪೆಟ್ಟಿಗೆಯ ಚಿತ್ರವನ್ನು ಹೆಂಡತಿಗೆ ತೋರಿಸಿದ್ದೆ. ಅವಳು ಒಗ್ಗರಣೆ ಸೌಟು ಕೆಳಗಿಡದೆ ಹೇಳಿದಳು, "ನಮ್ಮಲ್ಲಿ ಸುಡುವುದಲ್ವಾ? ಮೂರು ಸಾವಿರ ಡಾಲರ್ ಬೆಂಕಿಗೆ ಹಾಕ್ಲಿಕ್ಕೆ ನಾನು ಬಿಡುದಿಲ್ಲ. ನಿಮಗೆ ಮಾವಿನ ಕಟ್ಟಿಗೆಯೇ ಸಾಕು."

ಸಿಮನ್ಸ್‌ಗೆ ಇದಿಷ್ಟೂ ಸಾಲಲಿಲ್ಲ. 2017ರಲ್ಲಿ ಬೆರಳಿಗೇ ಕೈ ಹಾಕಿದರು. ತೋರುಬೆರಳು, ಕಿರುಬೆರಳು ಮೇಲೆ, ಹೆಬ್ಬೆರಳು ಪಕ್ಕಕ್ಕೆ. ಈ ಮುದ್ರೆ ತನ್ನದು, ತನಗೆ ಟ್ರೇಡ್‌ಮಾರ್ಕ್ ಕೊಡಿ ಎಂದು ಅಮೆರಿಕದ ಕಚೇರಿಗೆ ಅರ್ಜಿ ಹಾಕಿದರು. ಅಮೆರಿಕದಲ್ಲಿ ಕಿವಿ ಕೇಳಿಸದವರ ಸಂಜ್ಞೆ ಭಾಷೆಯಲ್ಲಿ ಇದೇ ಮುದ್ರೆಗೆ 'ನಿನ್ನನ್ನು ಪ್ರೀತಿಸುತ್ತೇನೆ' ಎಂಬ ಅರ್ಥ ಇದೆ. ಹೆಬ್ಬೆರಳು ಮಡಚಿದರೆ ಆಗುವ ಕೊಂಬಿನ ಮುದ್ರೆಯನ್ನು ರಾಕ್ ಲೋಕಕ್ಕೆಲ್ಲ ಹಬ್ಬಿಸಿದ್ದು ರಾನಿ ಜೇಮ್ಸ್ ಡಿಯೊ ಎಂಬ ಗಾಯಕ. ಅವರು ಅದನ್ನು ಕಲಿತದ್ದು ಇಟಲಿ ಮೂಲದ ತಮ್ಮ ಅಜ್ಜಿಯಿಂದ. ಅಜ್ಜಿ ಅದನ್ನು ಮಾಡುತ್ತಿದ್ದದ್ದು ಕೆಟ್ಟ ದೃಷ್ಟಿ ತಾಗದಿರಲಿ ಅಂತ. ಅರ್ಜಿ ಪಾಸಾಗಿದ್ದರೆ ಪ್ರೇಮಿಗಳೂ ಅಜ್ಜಿಯರೂ ಸಿಮನ್ಸ್‌ಗೆ ತಿಂಗಳ ಬಾಡಿಗೆ ಕಟ್ಟಬೇಕಿತ್ತು. ಎರಡು ವಾರದೊಳಗೆ ಅರ್ಜಿ ವಾಪಸ್ ತೆಗೆದುಕೊಂಡರು. ಅಜ್ಜಿಯ ದೃಷ್ಟಿಯೇ ತಾಗಿರಬೇಕು.

ಅದೇ ವರ್ಷ ತಮ್ಮ 150 ಹಾಡುಗಳ ಪೆಟ್ಟಿಗೆ ಮಾಡಿ, 50,000 ಡಾಲರ್ ಕೊಟ್ಟರೆ ಸ್ವತಃ ಮನೆಗೆ ತಂದು ಕೊಡುತ್ತೇನೆ ಅಂದರು. ಆಮೇಲೆ, 2025ರಲ್ಲಿ, 12,495 ಡಾಲರ್ ಕೊಟ್ಟವರಿಗೆ ಒಂದು ದಿನ ತಮ್ಮ ಸಹಾಯಕನಾಗಿ ಸಾಮಾನು ಇಳಿಸುವ, ಜೋಡಿಸುವ ಅವಕಾಶ. ನಮ್ಮ ಮೇಳಗಳಲ್ಲಿ ಪೆಟ್ಟಿಗೆ ಹೊರುವವರಿಗೆ ಸಂಬಳ ಕೊಡುತ್ತಾರೆ. ಇಲ್ಲಿ ಹೊರುವವನೇ ಕೊಡಬೇಕು. ನಾನು ನಕ್ಕೆ. ನಕ್ಕು, ಮೊಬೈಲ್ ತೆಗೆದು 12,495ನ್ನು ರೂಪಾಯಿಗೆ ಗುಣಿಸಿಯೂ ನೋಡಿದೆ.

ಈಗ ಆ ರಾತ್ರಿಗೆ ಬರೋಣ. 2023ರ ಡಿಸೆಂಬರ್ 2. ಗಾರ್ಡನ್ ಒಳಗೆ ಹೋಗುವಷ್ಟು ಪಿಂಚಣಿ ನನಗಿಲ್ಲ. ಮಗ ದುಡ್ಡು ಕಟ್ಟಿ ಟಿವಿಯಲ್ಲೇ ನೇರ ಪ್ರಸಾರ ಹಾಕಿಸಿಕೊಟ್ಟ. ನಾನು ಹಳೆಯ ಟೀ ಶರ್ಟನ್ನು ಹೊಟ್ಟೆಯ ಮೇಲೆ ಹೇಗೋ ಎಳೆದು ಕೂತೆ. ಹೆಂಡತಿ ಸೋಫಾದ ಇನ್ನೊಂದು ತುದಿಯಲ್ಲಿ ಬಟ್ಟೆ ಮಡಚುತ್ತಿದ್ದಳು. ಬೆಂಕಿ, ರಕ್ತ, ನಾಲಗೆ, ಎಲ್ಲ ಆಯಿತು. ಸಿಮನ್ಸ್‌ಗೆ 74 ವರ್ಷ. ಆ ಎತ್ತರದ ಬೂಟು ಹಾಕಿಕೊಂಡು ಅವರು ಮೆಟ್ಟಿಲು ಹತ್ತುವುದನ್ನು ನೋಡುವಾಗ ನನ್ನ ಮಂಡಿ ನೋಯುತ್ತಿತ್ತು. ಕೊನೆಯ ಹಾಡು ಮುಗಿದಾಗ ನಾನು ಅತ್ತೆ. ನಾಚಿಕೆ ಇಲ್ಲದೆ ಅತ್ತೆ. ಹೆಂಡತಿ ಮಡಚಿದ್ದ ಟವಲನ್ನೇ ಬಿಚ್ಚಿ ಕೊಟ್ಟಳು.

ಕಣ್ಣು ಒರೆಸಿ ನೋಡುತ್ತೇನೆ, ಮತ್ತೆ ನಾಲ್ಕು ಜನ ನಿಂತಿದ್ದಾರೆ! ಕಂಪ್ಯೂಟರ್‌ನಲ್ಲಿ ಮಾಡಿದ ಅವತಾರಗಳು. ಬೊಜ್ಜಿಲ್ಲ, ಸುಕ್ಕಿಲ್ಲ, ಗಾಳಿಯಲ್ಲಿ ತೇಲುತ್ತಾ ಹಾಡುತ್ತಿದ್ದಾರೆ. ಬ್ಯಾಂಡಿನ ಹೊಸ ಯುಗ ಈಗ ಶುರು ಎಂದು ಅಲ್ಲೇ ಘೋಷಣೆಯಾಯಿತು. ಹೆಂಡತಿ ಟವಲ್ ವಾಪಸ್ ತೆಗೆದುಕೊಂಡು ಮತ್ತೆ ಮಡಚಿದಳು.

ಲಂಡನ್ನಿನಲ್ಲಿ 2022ರಿಂದ ಆಬ್ಬಾ ಎಂಬ ಪಾಪ್ ತಂಡದ ಅವತಾರಗಳ ಆಟ ನಡೆಯುತ್ತಿದೆಯಲ್ಲ, ಅದರ ಹಿಂದಿರುವ ಸ್ವೀಡನ್ನಿನ ಪಾಪ್‌ಹೌಸ್ ಕಂಪನಿಯೇ ಇದನ್ನೂ ಮಾಡಿಸಿದ್ದು. 2024ರ ಏಪ್ರಿಲ್‌ನಲ್ಲಿ ಅದೇ ಕಂಪನಿ ಹಾಡು, ಹೆಸರು, ಮುಖದ ಬಣ್ಣ ಎಲ್ಲವನ್ನೂ ಕೊಂಡುಕೊಂಡಿತು. ಪತ್ರಿಕೆಗಳು ಬರೆದ ಲೆಕ್ಕ 30 ಕೋಟಿ ಡಾಲರಿಗೂ ಮೇಲೆ. ಮೆಟ್ರೊಕಾರ್ಡ್ ಪಾಪ ಇದನ್ನೆಲ್ಲ ಕಲಿಯಲಿಲ್ಲ. 2025ರ ಕೊನೆಗೆ ಮಾರಾಟ ನಿಲ್ಲಿಸುತ್ತೇವೆ ಅಂದರು, ನಿಲ್ಲಿಸಿದರು. ಹೇಳಿ ಹೋದದ್ದು ಅದೊಂದೇ.

ಮಾಂಸ ಮೂಳೆಯವರಾದರೂ ಸುಮ್ಮನಾದರಾ? 2025ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಅಭಿಮಾನಿಗಳ ಜಾತ್ರೆ ಇಟ್ಟರು. ಮೊದಲು ಇದು ಹಡಗಿನಲ್ಲಿ ನಡೆಯುತ್ತಿತ್ತು. ಈಗ ಸಮುದ್ರವೇ ಇಲ್ಲದ ಮರುಭೂಮಿಯಲ್ಲಿ ನಡೆದರೂ ಹೆಸರಿನಲ್ಲಿ ಹಡಗು ಹಾಗೇ ಇದೆ. ಅಲ್ಲಿ ಮತ್ತೆ ನುಡಿಸಿದರು. ಮಾತು ತಪ್ಪಿದರಾ ಅಂತ ಕೇಳಬೇಡಿ. ಮುಖಕ್ಕೆ ಬಣ್ಣ ಹಚ್ಚಿರಲಿಲ್ಲ, ಹಾಗಾಗಿ ಅದು ಆಟದ ಲೆಕ್ಕಕ್ಕೆ ಬರುವುದಿಲ್ಲ. ಈ ವಾದವನ್ನು ಅವರ ಪರವಾಗಿ ಮಗನ ಹತ್ತಿರ ಫೋನಿನಲ್ಲಿ ಅರ್ಧ ಗಂಟೆ ಮಂಡಿಸಿದವನು ನಾನೇ.

ಅದಕ್ಕೆ ಒಂದು ತಿಂಗಳ ಮೊದಲು, ಅಕ್ಟೋಬರ್ 16ರಂದು, ಏಸ್ ಫ್ರೇಲಿ ತೀರಿಕೊಂಡರು. ಮೊದಲಿನ ಅಂತರಿಕ್ಷದವರು, ಗಿಟಾರಿನಿಂದ ಹೊಗೆ ಎಬ್ಬಿಸುತ್ತಿದ್ದವರು. 2002ರಲ್ಲೇ ಬ್ಯಾಂಡ್ ಬಿಟ್ಟಿದ್ದರು. ಆಮೇಲೆ ಅವರ ಬೆಳ್ಳಿ ಬಣ್ಣ ಟಾಮಿ ಥೇಯರ್ ಮುಖದ ಮೇಲಿತ್ತು. ಆ ದಿನ ಕ್ಯಾಸೆಟ್ ಹುಡುಕಿ ತೆಗೆದೆ. ಹಾಕಿ ಕೇಳಲು ಮನೆಯಲ್ಲಿ ಪ್ಲೇಯರ್ ಇಲ್ಲ.

ಕಳೆದ ವಾರ ಭಾವ ಬಂದಿದ್ದರು. ಅವರು ಯಕ್ಷಗಾನ ಮೇಳದಲ್ಲಿ 30 ವರ್ಷ ಬಣ್ಣದ ವೇಷ ಮಾಡಿ, ಬೆನ್ನು ನೋವು ಅಂತ ಒಂದು ದಿನ ಗೆಜ್ಜೆ ಬಿಚ್ಚಿ ಇಟ್ಟವರು. ಮತ್ತೆ ಕಟ್ಟಲಿಲ್ಲ. ಸನ್ಮಾನವನ್ನೂ ಮಾಡಿಸಿಕೊಳ್ಳಲಿಲ್ಲ. ಅವರಿಗೆ ಆ ಅವತಾರಗಳ ವಿಡಿಯೊ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ಕೊನೆವರೆಗೂ ನೋಡಿದರು.

"ಬಣ್ಣ ಒಳ್ಳೆದುಂಟು. ಆಟ ಮುಗಿದ ಮೇಲೆ ಎಂಥದ್ರಲ್ಲಿ ತೆಗೆಯುದು? ತೆಂಗಿನೆಣ್ಣೆಯಾ?"

"ತೆಗೆಯುವ ಹಾಗಿಲ್ಲ ಭಾವ. ಅದು ಕಂಪ್ಯೂಟರಿನ ಬಣ್ಣ. ಒಳಗೆ ಮನುಷ್ಯರೇ ಇಲ್ಲ."

"ಬೆವರುದಿಲ್ವಾ?"

"ಇಲ್ಲ."

"ರಾತ್ರಿ ಚೌಕಿಯಲ್ಲಿ ಚಾ?"

"ಬೇಡ."

ಭಾವ ಮೊಬೈಲನ್ನು ನನ್ನ ಕೈಗಿಟ್ಟರು. "ಹಾಗಾದ್ರೆ ಮೇಳದ ಯಜಮಾನರು ಬದುಕಿದ್ರು ಮಾರಾಯ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಟಿಕೆಟಿಗೆ ಎಷ್ಟಂತೆ?"