ಹೌಸ್‌ವೈಫ್ ಅಂದ್ರೆ ಸುಮ್ನೆ ಮನೇಲಿರೋರಾ?

ಕಳೆದ ವಾರ ಅಮ್ಮನ ಜೊತೆ ಬ್ಯಾಂಕಿಗೆ ಹೋಗಿದ್ದೆ. ಫಾರಂ ತುಂಬುವಾಗ ಉದ್ಯೋಗ ಅನ್ನೋ ಕಾಲಂ ಬಂತು. "ಏನು ಬರೀಲಿ ಅಮ್ಮಾ?" ಅಂದೆ. "ಏನೂ ಇಲ್ಲ ಅಂತ ಬರಿ, ಹೌಸ್‌ವೈಫ್ ಅಲ್ವಾ" ಅಂದಳು. ಬೆಳಗ್ಗೆ ಐದಕ್ಕೇ ಎದ್ದು, ಅಜ್ಜಿಗೆ ಗಂಜಿ ಕುಡಿಸಿ, ನಮಗೆಲ್ಲ ಅಕ್ಕಿರೊಟ್ಟಿ ತಟ್ಟಿಟ್ಟು ಬಂದಿದ್ದಳು. ಸಹಿ ಮಾಡುವಾಗ ನೋಡಿದೆ, ಉಗುರಿನ ಸಂದಿಯಲ್ಲಿ ಹಿಟ್ಟು ಇನ್ನೂ ಒಣಗಿಕೊಂಡಿತ್ತು.

ರಾತ್ರಿಯೆಲ್ಲ ಆ ಪದ ತಲೆ ಕೊರೆಯಿತು. ಅದರ ಮೂಲ ಹುಡುಕಿದೆ. ಹಳೆಯ ಇಂಗ್ಲಿಷಿನಲ್ಲಿ ವೈಫ್ ಅಂದರೆ ಬರೀ ಹೆಂಡತಿ ಅಂತಲ್ಲ, ಹೆಂಗಸು ಅಂತ. ಸೂಲಗಿತ್ತಿಗೆ ಮಿಡ್‌ವೈಫ್ ಅನ್ನುವುದರಲ್ಲೂ ಅದೇ ಅರ್ಥ ಉಳಿದಿದೆ. 13ನೇ ಶತಮಾನದಿಂದ ಬಳಕೆಯಲ್ಲಿರುವ ಹೌಸ್‌ವೈಫ್ ಅಂದರೆ ಮನೆವಾರ್ತೆಯನ್ನೆಲ್ಲ ನೋಡಿಕೊಳ್ಳುವ ಯಜಮಾನಿ. ಇದೇ ಪದ ಜನರ ಬಾಯಲ್ಲಿ ಸವೆದು ಹಸ್ಸಿ ಆಯಿತು. ಕೊನೆಗೆ ಅದು ನಡತೆಗೆಟ್ಟವಳು ಅನ್ನೋ ಬೈಗುಳವಾಗಿ ನಿಂತಿತು. ಎಂಥ ಅನ್ಯಾಯ!

ನನಗೆ ಜಾಸ್ತಿ ನಾಟಿದ್ದು ಇನ್ನೊಂದು ವಿಷಯ. ಹಸ್ಬೆಂಡ್ ಪದದ ಮೊದಲ ತುಂಡು ಹಸ್ ಅಂದರೂ ಮನೆಯೇ. ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು, ಮನೆಯ ಒಡೆಯ ಅಂತ. ಅವನ ಪದದೊಳಗೆ ಮನೆ ಕರಗಿಹೋಗಿದೆ, ಯಾರ ಕಣ್ಣಿಗೂ ಬೀಳಲ್ಲ. ಅವಳ ಪದದಲ್ಲಿ ಇಡೀ ಮನೆ ಹಾಗೇ ಕೂತಿದೆ.

ನಮ್ಮ ದೇಶದ 2001ರ ಜನಗಣತಿಯಲ್ಲಿ ಮನೆಗೆಲಸ ಮಾಡುವ ಹೆಂಗಸರನ್ನು ಭಿಕ್ಷುಕರು, ಕೈದಿಗಳ ಜೊತೆ ದುಡಿಯದವರ ಸಾಲಿಗೆ ಸೇರಿಸಿದ್ದರು. 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಟೀಕಿಸಿತು. 2023ರಲ್ಲಿ ಅದೇ ಕೋರ್ಟಿನ ಕೈಪಿಡಿ, ಹೌಸ್‌ವೈಫ್ ಬದಲು ಹೋಮ್‌ಮೇಕರ್ ಬಳಸಿ ಅಂದಿತು. ಒಳ್ಳೆಯದೇ. ಆದರೆ 2019ರ ಸಮಯ ಬಳಕೆ ಸಮೀಕ್ಷೆ ನೋಡಿ. ಮನೆಗೆಲಸ ಮಾಡುವವರಲ್ಲಿ ಹೆಂಗಸರಿಗೆ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಬೇಕಿತ್ತು, ಗಂಡಸರದು 97 ನಿಮಿಷಕ್ಕೆ ಮುಗಿಯುತ್ತಿತ್ತು. ಹೆಸರು ಬದಲಾಯಿಸಿದರೆ ಈ ಲೆಕ್ಕ ಬದಲಾಗುತ್ತಾ?

ಇಂಗ್ಲಿಷಿನ ಮಾತು ಹಾಗಿರಲಿ, ನಮ್ಮ ಮಾತು ಕೇಳಿ. "ನಿಮ್ಮ ಮನೆಯವರು ಏನು ಮಾಡ್ತಾರೆ?" "ಏನಿಲ್ಲ, ಸುಮ್ನೆ ಮನೇಲಿದ್ದಾರೆ." ಹೌಸ್‌ವೈಫ್‌ಗಿಂತ ಆ ಸುಮ್ನೆ ಅನ್ನೋದೇ ನನ್ನನ್ನು ಹೆಚ್ಚು ನೋಯಿಸುತ್ತೆ. ಗೃಹಿಣಿ ಅನ್ನಿ, ಮನೆಯೊಡತಿ ಅನ್ನಿ, ಹೌಸ್‌ವೈಫ್ ಅಂತಲೇ ಅನ್ನಿ. ದಯವಿಟ್ಟು ಆ ಸುಮ್ನೆ ಒಂದು ಬಿಟ್ಟುಬಿಡಿ.

ನಿನ್ನೆ ಆಫೀಸಿಗೆ ಹೊಸದಾಗಿ ಸೇರಿದವರೊಬ್ಬರು ನಮ್ಮಮ್ಮ ಏನು ಮಾಡ್ತಾರೆ ಅಂತ ಕೇಳಿದರು. ಮನೆ ನಡೆಸ್ತಾರೆ ಅಂದೆ.